ಕಿವಿ ಯಾಕೆ ಗುಂಯ್ ಅನ್ನುತ್ತೆ?

ಮುಂದಕ್ಕೆ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ರೂಮಿನ ಬಾಗಿಲು ಹಾಕಿ, ಫ್ಯಾನ್ ಆಫ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿಡಿ, ರೂಮ್‌ಮೇಟ್‌ಗೆ ಎರಡು ನಿಮಿಷ ಬಾಯಿ ಮುಚ್ಕೊಂಡಿರೋಕೆ ಹೇಳಿ (ಕಷ್ಟದ ಕೆಲಸ ಇದೊಂದೇ). ಈಗ ಸುಮ್ಮನೆ ಕೇಳಿಸಿಕೊಳ್ಳಿ. ನಾವು ಸಂಪಾದಕ ಬಳಗದವರು ಇದನ್ನು ಮಾಡಿ ನೋಡಿದಾಗ ಹೆಚ್ಚಿನವರಿಗೆ ಏನೋ ಒಂದು ಸದ್ದು ಕೇಳಿಸಿತು. ಒಬ್ಬರಿಗೆ ಹಳೇ ಡಬ್ಬಾ ಟಿ.ವಿ. ಆನ್ ಮಾಡಿದಾಗ ಬರುತ್ತಿದ್ದ 'ಕೀ', ಒಬ್ಬರಿಗೆ ದೂರದ ಜೀರುಂಡೆ, ಇನ್ನೊಬ್ಬರಿಗೆ ಕುಕ್ಕರ್ ವಿಷಲ್ ಹಾಕೋಕೆ ಮುಂಚೆ ಬರುವ 'ಸ್ಸ್'.

ಹೆದರಬೇಡಿ. 1953ರಲ್ಲಿ ಅಮೆರಿಕದಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಅನ್ನುವ ಇಬ್ಬರು ಕಿವಿ ಚೆನ್ನಾಗಿಯೇ ಇದ್ದ 80 ಜನರನ್ನು ಸೌಂಡ್‌ಪ್ರೂಫ್ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿ, ಏನೇನು ಕೇಳಿಸುತ್ತೆ ಹೇಳಿ ಅಂದರು. ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಆದರೂ ಶೇಕಡಾ 94ರಷ್ಟು ಜನ ಏನೋ ಕೇಳಿಸಿತು ಅಂದರು. ಅಂದರೆ ನಮ್ಮ ಕೇಳುವ ವ್ಯವಸ್ಥೆಯಲ್ಲಿ ಯಾವಾಗಲೂ ಸ್ವಲ್ಪ ನಾಯ್ಸ್ ಇದ್ದೇ ಇರುತ್ತೆ. ಯಾವ ಸರ್ಕ್ಯೂಟ್‌ನಲ್ಲಿ ಇಲ್ಲ ಹೇಳಿ? ಸುತ್ತಲಿನ ಗಲಾಟೆಯಲ್ಲಿ ಅದು ಮುಚ್ಚಿಹೋಗಿರುತ್ತೆ, ಅಷ್ಟೆ.

ಆ ಸದ್ದು ಮುಚ್ಚಿಹೋಗದೆ, ಕ್ಲಾಸಿನಲ್ಲಿ, ಊಟ ಮಾಡುವಾಗ, ಮಲಗುವಾಗ ಕೇಳಿಸುತ್ತಲೇ ಇದ್ದರೆ ಅದಕ್ಕೆ ಡಾಕ್ಟರುಗಳು ಟಿನಿಟಸ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಗಂಟೆ ಬಾರಿಸಿದ ಹಾಗೆ ಸದ್ದಾಗುವುದು ಅನ್ನೋ ಅರ್ಥದ ಪದದಿಂದ ಬಂದಿದ್ದು. ಕನ್ನಡದ ಆರೋಗ್ಯ ಪುಸ್ತಕಗಳಲ್ಲಿ ಕಿವಿಮೊರೆತ ಅಂತಿರುತ್ತೆ. ಸುಶ್ರುತ ಸಂಹಿತೆ ಹೇಳುವ 28 ಕಿವಿ ರೋಗಗಳಲ್ಲಿ ಕರ್ಣನಾದವೂ ಒಂದು, ಹಾಗಾಗಿ ಇದು ಡಿಜೆ ಕಾಲದ ಹೊಸ ಕಾಯಿಲೆಯೇನಲ್ಲ. ಮನೆಯಲ್ಲಿ ನಾವೆಲ್ಲ ಹೇಳುವುದು 'ಕಿವಿ ಗುಂಯ್ ಅಂತಿದೆ'. ಈ ಲೇಖನದಲ್ಲೂ ಅದೇ ಇರಲಿ.

ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪು. ಫೆಸ್ಟ್ ಮುಗಿದ ಮಾರನೇ ದಿನ ಯಾರೋ 'ನನ್ ಕಿವಿ ಇನ್ನೂ ಗುಂಯ್ ಅಂತಿದೆ, ಬೇರೆ ಯಾರಿಗಾದ್ರೂ?' ಅಂತ ಹಾಕಿದರು. ಸಾಲಾಗಿ ಕೈ ಎತ್ತಿದ ಇಮೋಜಿಗಳು ಬಂದವು, ಅದರ ಹಿಂದೆ ನಗುವ ಇಮೋಜಿಗಳು. ಅಲ್ಲಿಗೆ ಮಾತು ಮುಗಿಯಿತು. ಇಷ್ಟು ಜನಕ್ಕೆ ಒಂದೇ ದಿನ ಕಣ್ಣು ಮಂಜಾಗಿದ್ದರೆ ಯಾರಾದರೂ ನಗುತ್ತಿದ್ದರಾ? ನಾವು ಡಾಕ್ಟರಲ್ಲ, ಆದರೆ ಕಿವಿಯನ್ನು ಒಂದು ಸಿಸ್ಟಮ್ ಅಂತ ನೋಡಿದರೆ ನಮಗೆ ಗೊತ್ತಿರುವ ವಿಷಯಗಳೇ ತುಂಬ ಸಿಗುತ್ತವೆ.

ಮೈಕ್, ಟ್ರಾನ್ಸ್‌ಫಾರ್ಮರ್, ಆಂಪ್ಲಿಫೈಯರ್

ಕಿವಿಯ ತೂತು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ. ಅದರ ಕೊನೆಯಲ್ಲಿ ತಮಟೆ. ತಮಟೆಯ ಹಿಂದೆ ಮೂರು ಪುಟಾಣಿ ಮೂಳೆಗಳು, ಕೊನೆಯ ಮೂಳೆ ಕುದುರೆ ಸವಾರನ ರಿಕಾಪಿನ ಆಕಾರದ್ದು, ನಮ್ಮ ಮೈಯಲ್ಲೇ ಅತಿ ಚಿಕ್ಕದು. ಒಳಕಿವಿಯಲ್ಲಿ ಇರುವುದು ನೀರಿನಂಥ ದ್ರವ. ಗಾಳಿಯಲ್ಲಿ ಬಂದ ಸದ್ದು ನೇರವಾಗಿ ದ್ರವಕ್ಕೆ ಬಡಿದರೆ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಹೋಗುತ್ತೆ, ಕೆರೆಯಲ್ಲಿ ಮುಳುಗಿದಾಗ ದಡದಲ್ಲಿರುವವರ ಮಾತು ಕೇಳಿಸಲ್ವಲ್ಲ, ಹಾಗೆ. ಅದಕ್ಕೇ ಈ ಮೂಳೆಗಳು. ತಮಟೆಯ ವಿಸ್ತೀರ್ಣ ರಿಕಾಪು ಮೂಳೆಯ ಪಾದಕ್ಕಿಂತ 17ರಿಂದ 20 ಪಟ್ಟು ಹೆಚ್ಚು. ದೊಡ್ಡ ಜಾಗದ ಒತ್ತಡವನ್ನು ಸಣ್ಣ ಜಾಗಕ್ಕೆ ಕೂಡಿಸಿ ತಳ್ಳುತ್ತವೆ. ಮೊದಲ ವರ್ಷ ಓದಿದ ಟ್ರಾನ್ಸ್‌ಫಾರ್ಮರ್ ಇದೇ, ಇಂಪೀಡೆನ್ಸ್ ಮ್ಯಾಚಿಂಗ್ ಮಾಡುವುದು ತಾಮ್ರದ ಬದಲು ಮೂಳೆ.

ಆಮೇಲೆ ಕಾಕ್ಲಿಯಾ, ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಕೊಳವೆ. ಬಿಚ್ಚಿದರೆ ಮೂರೂವರೆ ಸೆಂಟಿಮೀಟರ್ ಆಗಬಹುದು. ಒಳಗಡೆ ಒಂದು ಪೊರೆ ಹಾಸಿಕೊಂಡಿದೆ. ಅದರ ಬುಡ ಕೀಚಲು ಸದ್ದಿಗೆ ಅಲುಗುತ್ತೆ, ತುದಿ ಗಡುಸು ಸದ್ದಿಗೆ. ಅಂದರೆ ಪೊರೆಯೇ ಫೂರಿಯೆ ಟ್ರಾನ್ಸ್‌ಫಾರ್ಮ್ ಮಾಡಿಬಿಡುತ್ತೆ, ಬ್ಯಾಟರಿ ಇಲ್ಲ, ಕೋಡ್ ಇಲ್ಲ. ಇದನ್ನು ಕಂಡುಹಿಡಿದಿದ್ದಕ್ಕೆ ಬೆಕೆಶಿ ಅನ್ನುವವರಿಗೆ 1961ರಲ್ಲಿ ನೊಬೆಲ್ ಬಂತು. ಪೊರೆಯ ಮೇಲೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳ ಸಾಲು. ಒಳಸಾಲಿನವು ಸುಮಾರು 3,500, ಇವು ಮಿದುಳಿಗೆ ಸುದ್ದಿ ಕಳಿಸುವ ಸೆನ್ಸರುಗಳು. ಹೊರಸಾಲುಗಳಲ್ಲಿ ಸುಮಾರು 12,000. ಇವು ಸದ್ದಿಗೆ ತಕ್ಕ ಹಾಗೆ ತಾವೇ ಉದ್ದ-ಗಿಡ್ಡ ಆಗಿ ಕುಣಿದು ಸಣ್ಣ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರುಗಳು.

ಒಂದು ಕಿವಿಗೆ ಒಟ್ಟು ಹದಿನೈದು ಸಾವಿರ. ಕಡಿಮೆ ದುಡ್ಡಿನ ಫೋನಿನ ಕ್ಯಾಮೆರಾದಲ್ಲೂ ಕೋಟಿಗಟ್ಟಲೆ ಪಿಕ್ಸೆಲ್ ಇರುತ್ತವೆ, ಕಿವಿಗೆ ಹದಿನೈದು ಸಾವಿರ ಮಾತ್ರ. ಜೊತೆಗೆ ಸ್ಪೇರ್ ಪಾರ್ಟ್ ಇಲ್ಲ. ಕೋಳಿಗೆ, ಮೀನಿಗೆ ಈ ಕೋಶಗಳು ಹಾಳಾದರೆ ಮತ್ತೆ ಹುಟ್ಟುತ್ತವೆ. ನಮಗೆ ಹುಟ್ಟುವುದಿಲ್ಲ. ಅಮ್ಮನ ಹೊಟ್ಟೆಯಿಂದ ತಂದಿದ್ದೇ ಕೊನೆಯವರೆಗೂ.

ಈಗ ಗುಂಯ್ ಎಲ್ಲಿಂದ ಬರುತ್ತೆ ನೋಡೋಣ. ಯಾವುದೋ ಒಂದು ಫ್ರೀಕ್ವೆನ್ಸಿಯ ಕೋಶಗಳು ಸತ್ತವು ಅಂತಿಟ್ಟುಕೊಳ್ಳಿ. ಆ ಚಾನೆಲ್‌ನಿಂದ ಮಿದುಳಿಗೆ ಬರುತ್ತಿದ್ದ ಸಿಗ್ನಲ್ ಕಡಿಮೆ ಆಗುತ್ತೆ. ಮಿದುಳು ಸುಮ್ಮನೆ ಕೂರಲ್ಲ, 'ಏನೂ ಕೇಳಿಸ್ತಿಲ್ವಲ್ಲ' ಅಂತ ಆ ಚಾನೆಲ್‌ನ ಗೇನ್ ಜಾಸ್ತಿ ಮಾಡುತ್ತೆ. ನಿಮ್ಮ ತಾತನ ರೇಡಿಯೋದಲ್ಲಿ ಸ್ಟೇಷನ್ ಸಿಗದಿದ್ದಾಗ ವಾಲ್ಯೂಮ್ ಏರಿಸಿದರೆ ಬರೀ 'ಸ್ಸ್ಸ್' ಕೇಳಿಸುತ್ತಲ್ಲ, ಹಾಗೆ ಸಿಗ್ನಲ್ ಇಲ್ಲದ ಕಡೆ ನರಗಳ ಸ್ವಂತ ನಾಯ್ಸ್ ದೊಡ್ಡದಾಗಿ ಕೇಳಿಸುತ್ತೆ. ಎಲ್ಲ ಬಗೆಯ ಗುಂಯ್‌ಗೂ ಇದೊಂದೇ ವಿವರಣೆ ಸಾಲದು, ಆದರೆ ಇದನ್ನು ಒಪ್ಪುವ ವಿಜ್ಞಾನಿಗಳು ಬಹಳ ಮಂದಿ. ಇದಕ್ಕೆ ಎರಡು ಒಳ್ಳೆಯ ಆಧಾರಗಳೂ ಇವೆ. ಒಂದು, ಗುಂಯ್‌ನ ಶ್ರುತಿ ಬಹಳ ಸಲ ಆ ಮನುಷ್ಯನಿಗೆ ಯಾವ ಫ್ರೀಕ್ವೆನ್ಸಿ ಸರಿಯಾಗಿ ಕೇಳಿಸಲ್ವೋ ಅದೇ ಜಾಗದಲ್ಲಿರುತ್ತೆ. ಇನ್ನೊಂದು, ಬೇರೆ ಕಾರಣಕ್ಕೆ ಆಪರೇಷನ್‌ನಲ್ಲಿ ಕಿವಿಯ ನರವನ್ನೇ ಕತ್ತರಿಸಬೇಕಾಗಿ ಬಂದವರಲ್ಲೂ ಎಷ್ಟೋ ಜನಕ್ಕೆ ಗುಂಯ್ ನಿಲ್ಲುವುದಿಲ್ಲ. ವೈರ್ ಕಿತ್ತ ಮೇಲೂ ಸದ್ದು ಬರ್ತಿದೆ ಅಂದರೆ ಸದ್ದು ಮಾಡುತ್ತಿರುವುದು ಮೈಕ್ ಅಲ್ಲ ಅಂತ ಯಾವ ಸೌಂಡ್ ಅಣ್ಣನಾದರೂ ಹೇಳ್ತಾನೆ.

ಜೋರು ಸದ್ದು

ನಮ್ಮ ವಯಸ್ಸಿನವರಿಗೆ ದೊಡ್ಡ ಕಾರಣ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ.

ಡೆಸಿಬೆಲ್ ಲಾಗ್ ಸ್ಕೇಲ್ ಅನ್ನೋದು ಎಲ್ಲರಿಗೂ ಗೊತ್ತು, ಎಕ್ಸಾಮಿನಲ್ಲಿ ಬರೀತೀವಿ, ಮರೀತೀವಿ. 3 ಡೆಸಿಬೆಲ್ ಏರಿದರೆ ಶಕ್ತಿ ಎರಡರಷ್ಟು. ಅಮೆರಿಕದ ನಿಯಾಶ್ ಸಂಸ್ಥೆ ಕೆಲಸಗಾರರಿಗೆ ಹಾಕಿಕೊಟ್ಟ ಲೆಕ್ಕ ಈ ಒಂದೇ ಸಾಲಿನಿಂದ ಹೊರಡುತ್ತೆ: 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ, ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ 15 ನಿಮಿಷ. ಡಿಜೆ ಸ್ಪೀಕರ್ ಮುಂದೆ 100 ಡೆಸಿಬೆಲ್ ಅನ್ನೋದು ಏನೇನೂ ಅಲ್ಲ. ಅದೇ 100ರಲ್ಲಿ ಮೂರು ಗಂಟೆ ಕುಣಿದರೆ 180 ನಿಮಿಷ, ಅಂದರೆ 12 ದಿನದ ಕೋಟಾ ಒಂದೇ ರಾತ್ರಿ ಮುಗಿಯಿತು. ಅಟೆಂಡೆನ್ಸ್ ಶಾರ್ಟೇಜ್ ಆದರೆ ಮೆಡಿಕಲ್ ಸರ್ಟಿಫಿಕೇಟ್ ಕೊಡಬಹುದು, ಇಲ್ಲಿ ಆ ಸೌಲಭ್ಯ ಇಲ್ಲ.

ಇದೇ ಲೆಕ್ಕವನ್ನು ತಿರುಗಿಸಿದರೆ ಒಳ್ಳೆ ಸುದ್ದಿಯೂ ಇದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತೆ, ಆಗ ಸಿಗುವ ಸಮಯ ನಾಲ್ಕರಷ್ಟು. 5 ಮೀಟರ್‌ನಲ್ಲಿ ನಿಂತಿದ್ದವರು 10 ಮೀಟರ್‌ಗೆ ಹೋದರೆ ಸಾಕು. (ಇಸಿ ಬ್ರಾಂಚಿನವರು ಜಗಳಕ್ಕೆ ಬರುವ ಮೊದಲು ಹೇಳಿಬಿಡುತ್ತೇವೆ: ಉದ್ದಕ್ಕೆ ನೇತುಹಾಕುವ ಲೈನ್ ಅರೇ ಸ್ಪೀಕರುಗಳಿಗೆ ಹತ್ತಿರದಲ್ಲಿ ಇಳಿಯುವುದು 3 ಡೆಸಿಬೆಲ್ ಮಾತ್ರ. ಒಪ್ಪಿಕೊಂಡಿದ್ದೇವೆ.)

ಇನ್ನೊಂದು ಚಂದದ ಲೆಕ್ಕ. ಕಿವಿಯ ತೂತು ಒಂದು ಕಡೆ ಮುಚ್ಚಿದ ಕೊಳವೆ ಅಂದೆವಲ್ಲ. ಪಿಯುಸಿಯ ರೆಸೊನೆನ್ಸ್ ಪ್ರಯೋಗ ನೆನಪಿಸಿಕೊಳ್ಳಿ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಉದ್ದದ ನಾಲ್ಕರಷ್ಟರಿಂದ, ಅಂದರೆ 0.1 ಮೀಟರ್‌ನಿಂದ ಭಾಗಿಸಿ. ಸುಮಾರು 3,400 ಹರ್ಟ್ಜ್ ಬಂತು. ಆ ಸುತ್ತಿನ ಸದ್ದುಗಳನ್ನು ಕಿವಿಯ ಕೊಳವೆಯೇ ದೊಡ್ಡದು ಮಾಡಿ ಒಳಗೆ ಕಳಿಸುತ್ತೆ. ಜೋರು ಸದ್ದಿನಿಂದ ಕಿವಿ ಹಾಳಾದವರ ಆಡಿಯೋಗ್ರಾಮ್ ನೋಡಿದರೆ 4,000 ಹರ್ಟ್ಜ್ ಹತ್ತಿರ ಒಂದು ಗುಂಡಿ ಬಿದ್ದಿರುತ್ತೆ. ರೆಸೊನೆನ್ಸ್ ಇದಕ್ಕೆ ಒಂದು ಮುಖ್ಯ ಕಾರಣ. ಮಾತಿನಲ್ಲಿ 'ಸ', 'ಶ' ದಂಥ ಅಕ್ಷರಗಳ ಶಕ್ತಿ ಇರುವುದೂ ಈ ಮೇಲಿನ ಭಾಗದಲ್ಲೇ. ಅದಕ್ಕೇ ಇಂಥವರು 'ಕೇಳಿಸ್ತಿಲ್ಲ' ಅನ್ನುವುದಕ್ಕಿಂತ 'ಕೇಳಿಸುತ್ತೆ, ಏನು ಅಂತ ಗೊತ್ತಾಗಲ್ಲ' ಅನ್ನುವುದು ಜಾಸ್ತಿ.

ಫೆಸ್ಟ್ ಮುಗಿದ ಮೇಲಿನ ಗುಂಯ್ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೋಗುತ್ತೆ. ಕೋಶಗಳು ಸುಸ್ತಾಗಿದ್ದವು, ಸುಧಾರಿಸಿಕೊಂಡವು. 'ಹೋಯ್ತಲ್ಲ, ಇನ್ನೇನು?' ಅಂತ ನಾವೆಲ್ಲ ಅಂದುಕೊಳ್ಳುವುದು ಇಲ್ಲೇ. 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಅನ್ನುವವರು ಇಲಿಗಳಿಗೆ ಎರಡು ಗಂಟೆ ಜೋರು ಸದ್ದು ಕೇಳಿಸಿ ಕಾದು ನೋಡಿದರು. ಕೆಲವು ದಿನಗಳಲ್ಲಿ ಇಲಿಗಳ ಕೇಳುವ ಶಕ್ತಿ ಮೊದಲಿನ ಮಟ್ಟಕ್ಕೆ ಬಂತು, ಕೋಶಗಳೂ ಇದ್ದವು. ಆದರೆ ಕೋಶ ಮತ್ತು ನರ ಸೇರುವ ಕನೆಕ್ಷನ್‌ಗಳಲ್ಲಿ, ಕೆಲವು ಜಾಗದಲ್ಲಿ ಅರ್ಧದಷ್ಟು, ಶಾಶ್ವತವಾಗಿ ಕಿತ್ತುಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಿಜ ಅನ್ನುವುದರ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ. ನಮ್ಮ ಅಭಿಪ್ರಾಯ ಕೇಳಿದರೆ, ಆ ಚರ್ಚೆ ಮುಗಿಯುವ ತನಕ ಸ್ಪೀಕರ್ ಪಕ್ಕ ನಿಲ್ಲದಿರುವುದು ವಾಸಿ.

ಪಟಾಕಿಯದ್ದು ಬೇರೆ ಕಥೆ. ಅದು ಇಂಪಲ್ಸ್. ಕಿವಿಗೆ ಕಾಪಾಡಿಕೊಳ್ಳಲು ಒಂದು ಪುಟ್ಟ ಸ್ನಾಯು ಇದೆ, ಜೋರು ಸದ್ದು ಬಂದಾಗ ಅದು ಮೂಳೆಯನ್ನು ಹಿಡಿದು ಬಿಗಿ ಮಾಡುತ್ತೆ. ಆದರೆ ಪಟಾಕಿ ಸಿಡಿದು ಮುಗಿದ ಮೇಲೆ ಅದು ಎಚ್ಚರಾಗುತ್ತೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ದಾಟುವ ಪಟಾಕಿಯನ್ನು ಮಾಡುವುದು, ಮಾರುವುದು ನಮ್ಮ ದೇಶದಲ್ಲಿ ನಿಷೇಧ. ಕೈಯಲ್ಲಿ ಹಿಡಿದು ಎಸೆಯುವ ಶೂರರಿಗೆ ಆ 4 ಮೀಟರ್ ಎಲ್ಲಿರುತ್ತೆ?

ಡಿಜೆ, ಪಟಾಕಿ ನಾವಾಗಿಯೇ ಹುಡುಕಿಕೊಂಡು ಹೋಗುವ ಸದ್ದು. ಹೊಟ್ಟೆಪಾಡಿಗೆ ಸದ್ದಿನಲ್ಲಿ ಕೂರುವವರ ಮಾತು ಬೇರೆ. 1886ರಷ್ಟು ಹಿಂದೆಯೇ ಗ್ಲಾಸ್ಗೋದ ಥಾಮಸ್ ಬಾರ್ ಅನ್ನುವ ಡಾಕ್ಟರು ಬಾಯ್ಲರ್ ಮಾಡುವ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿ, ಸುತ್ತಿಗೆ ಸದ್ದಿಗೆ ಅವು ಹಾಳಾಗಿರುವುದನ್ನು ಬರೆದಿಟ್ಟಿದ್ದಾರೆ. ನಮ್ಮ ಬಳಗದ ಒಬ್ಬಳ ಅಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸುತ್ತಾರೆ. ಈ ಲೇಖನಕ್ಕೆ ಅಂತ ಅವಳು ಫೋನ್ ಮಾಡಿ, "ಅಪ್ಪ, ನಿಮ್ ಕಿವಿ ಯಾವಾಗ್ಲಾದ್ರೂ ಗುಂಯ್ ಅನ್ನುತ್ತಾ?" ಅಂತ ಕೇಳಿದಳು. ಅವರು ನಕ್ಕು, "ಅದು ಎಲ್ರಿಗೂ ಇರುತ್ತಲ್ಲಮ್ಮ. ಮಗ್ಗ ನಿಂತ್ಮೇಲೂ ಸದ್ದು ಕಿವೀಲೇ ಉಳ್ಕೊಳ್ಳುತ್ತೆ" ಅಂದರು. ಎಷ್ಟು ವರ್ಷದಿಂದ ಅಂದರೆ, "ನೀನು ಹುಟ್ಟೋಕೆ ಮುಂಚಿಂದ". ಮನೆಯಲ್ಲಿ ಟಿ.ವಿ. ವಾಲ್ಯೂಮ್ ಬಗ್ಗೆ ಅಮ್ಮ, ಅಪ್ಪ ಜಗಳ ಆಡುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಾಳೆ. ಅದಕ್ಕೂ ಮಗ್ಗಕ್ಕೂ ಸಂಬಂಧ ಇರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಅವಳು ಈಗ ಮನೆಗೆ ಒಂದು ಜೊತೆ ಇಯರ್‌ಮಫ್ ತೆಗೆದುಕೊಂಡು ಹೋಗಿದ್ದಾಳೆ. ಅಪ್ಪ ಹಾಕಿಕೊಳ್ಳುತ್ತಿಲ್ಲ, ಮಗ್ಗದ ಸದ್ದು ಬದಲಾದರೆ ನೂಲು ಹರಿದಿದ್ದು ಗೊತ್ತಾಗಲ್ಲ ಅಂತಾರಂತೆ. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೆಕ್ಯಾನಿಕಲ್‌ನವರು ಯಾರಾದರೂ ಪ್ರಾಜೆಕ್ಟ್‌ಗೆ ಐಡಿಯಾ ಹುಡುಕುತ್ತಿದ್ದರೆ ಇಲ್ಲೊಂದಿದೆ: ನೂಲು ಹರಿದರೆ ಲೈಟ್ ಹತ್ತುವ, ಸಣ್ಣ ಮನೆಯ ಮಗ್ಗಕ್ಕೂ ಕೈಗೆಟುಕುವ ಬೆಲೆಯ ಸೆನ್ಸರ್.

ಇಯರ್‌ಫೋನ್ ಬಗ್ಗೆ ಎಲ್ಲರೂ ಬೈಸಿಕೊಂಡಿರುತ್ತೀರಿ, ಚಿಕ್ಕದಾಗಿ ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ದಾಟಬಾರದು. ಇಯರ್‌ಫೋನ್ ಒಳ್ಳೆಯದೋ ಕೆಟ್ಟದೋ ಅನ್ನುವುದಕ್ಕಿಂತ ಹೊರಗಿನ ಗಲಾಟೆ ಮುಖ್ಯ. ಬಸ್ಸಿನಲ್ಲಿ ಇಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸ್ತೀವಿ, ಇಳಿದ ಮೇಲೆ ಇಳಿಸಲ್ಲ. ಕಿವಿಗೆ ಗಟ್ಟಿಯಾಗಿ ಕೂತು ಹೊರಗಿನ ಸದ್ದು ತಡೆಯುವಂಥದ್ದಾದರೆ ಕಡಿಮೆ ವಾಲ್ಯೂಮ್‌ನಲ್ಲೇ ಕೇಳಿಸುತ್ತೆ. ರಸ್ತೆ ದಾಟುವಾಗ ಮಾತ್ರ ತೆಗೆಯಿರಿ ಮಾರಾಯ್ರೆ.

ಗುಗ್ಗೆಯಿಂದ ಗುಳಿಗೆವರೆಗೆ

ಎಲ್ಲ ಗುಂಯ್‌ಗೂ ಡಿಜೆಯೇ ಕಾರಣ ಅಲ್ಲ. ತೀರಾ ಸುಲಭದ ಕಾರಣ ಕಿವಿಯ ಗುಗ್ಗೆ. ಅದು ಕೊಳೆ ಅಂತ ನಮಗೆಲ್ಲ ಕಲಿಸಿದ್ದಾರೆ. ಅಸಲಿಗೆ ಅದು ಕಿವಿಯ ಚರ್ಮವನ್ನು ಕಾಪಾಡುವ ಎಣ್ಣೆಯಂಥ ವಸ್ತು, ದವಡೆ ಆಡಿಸುತ್ತಿದ್ದ ಹಾಗೆ ತಾನಾಗಿಯೇ ನಿಧಾನಕ್ಕೆ ಹೊರಗೆ ಬರುತ್ತೆ. ಬಡ್ಸ್ ಹಾಕಿದರೆ ಮುಂದಿನ ಸ್ವಲ್ಪ ಗುಗ್ಗೆ ಬಡ್ಸಿಗೆ ಅಂಟುತ್ತೆ, ನಮಗೆ ಖುಷಿ. ಉಳಿದದ್ದು ಒಳಕ್ಕೆ ಹೋಗಿ ತಮಟೆಯ ಹತ್ತಿರ ಗಟ್ಟಿಯಾಗುತ್ತೆ. ತೋಪು ಬಂದೂಕಿಗೆ ಮದ್ದು ತುಂಬಿದ ಹಾಗೆ. ಹೊರಗಿನ ಸದ್ದು ಕಡಿಮೆ ಆದಾಗ ಒಳಗಿನ ಸದ್ದು ಎದ್ದು ಕೇಳಿಸುತ್ತೆ. ಬೆಂಕಿಕಡ್ಡಿ, ಹೇರ್‌ಪಿನ್, ಗಾಡಿ ಕೀ (ನಮ್ಮ ಕ್ಲಾಸಿನಲ್ಲೇ ನೋಡಿದ್ದೇವೆ, ಹೆಸರು ಬರೆಯಲ್ಲ), ಕಾಯಿಸಿದ ಎಣ್ಣೆ, ಯಾವುದೂ ಬೇಡ. ಡಾಕ್ಟರು ಹನಿ ಹಾಕಿ ಮೆದು ಮಾಡಿ ತೆಗೆಯುತ್ತಾರೆ, ಕೆಲವು ನಿಮಿಷದ ಕೆಲಸ, ಗುಂಯ್ ಅಲ್ಲೇ ನಿಂತುಹೋಗಬಹುದು.

ನೆಗಡಿ ಜೋರಾದಾಗ ಮೂಗಿನ ಹಿಂದಿನಿಂದ ನಡುಕಿವಿಗೆ ಹೋಗುವ ನಳಿಕೆ ಕಟ್ಟಿಕೊಂಡು ಗುಂಯ್ ಅನ್ನುವುದುಂಟು, ನೆಗಡಿಯ ಜೊತೆಗೇ ಹೋಗುತ್ತೆ. ಕಿವಿ ಸೋರುವವರು ಹಾಗೇ ಬಿಟ್ಟರೆ ತಮಟೆ ತೂತಾಗುತ್ತೆ. ಇನ್ನು ನಮ್ಮ ಸಿನಿಮಾಗಳಲ್ಲಿ ಹೀರೋ ಕಪಾಳಕ್ಕೆ ಬಿಟ್ಟ ತಕ್ಷಣ ವಿಲನ್‌ಗೆ 'ಕೀ...' ಅಂತ ಕೇಳಿಸುವ ಸೌಂಡ್ ಎಫೆಕ್ಟ್ ಇದೆಯಲ್ಲ, ಅದು ಸುಳ್ಳಲ್ಲ. ಅಂಗೈ ಕಿವಿಯನ್ನು ಮುಚ್ಚಿದ ಹಾಗೆ ಬಿದ್ದರೆ ಒಳಗಿನ ಗಾಳಿ ಒತ್ತಿ ತಮಟೆ ಹರಿಯಬಹುದು. ಹಾಸ್ಟೆಲ್ ಬರ್ತ್‌ಡೇಗಳಲ್ಲಿ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಮಾತ್ರೆಗಳ ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಆಸ್ಪಿರಿನ್ ಹೆಚ್ಚು ಡೋಸಿನಲ್ಲಿ ಹೋದರೆ ಕಿವಿ ಗುಂಯ್ ಅನ್ನುತ್ತೆ. ಹಿಂದೆ ಕೀಲುನೋವಿಗೆ ಆಸ್ಪಿರಿನ್ ಕೊಡುವಾಗ ಡಾಕ್ಟರುಗಳು ಗುಂಯ್ ಶುರುವಾಗುವ ತನಕ ಡೋಸ್ ಏರಿಸಿ, ಆಮೇಲೆ ಒಂದು ಮೆಟ್ಟಿಲು ಇಳಿಸುತ್ತಿದ್ದರು, ಅಂದರೆ ರೋಗಿಯ ಕಿವಿಯೇ ಮೀಟರ್! ನಿಲ್ಲಿಸಿದರೆ ಅದು ಸಾಮಾನ್ಯವಾಗಿ ಹೋಗುತ್ತೆ. ಮಲೇರಿಯಾದ ಕ್ವಿನೈನ್ ಕೂಡ ಹಾಗೇ. ಆದರೆ ಜೆಂಟಾಮೈಸಿನ್, ಅಮಿಕಾಸಿನ್ ಜಾತಿಯ ಇಂಜೆಕ್ಷನ್‌ಗಳು, ಕ್ಯಾನ್ಸರಿನ ಸಿಸ್‌ಪ್ಲಾಟಿನ್ ಕೂದಲು ಕೋಶಗಳನ್ನೇ ಕೊಲ್ಲಬಲ್ಲವು. ಜೀವ ಉಳಿಸುವ ಔಷಧಿಗಳು ಇವು, ಬೇರೆ ದಾರಿ ಇಲ್ಲದಾಗ ಕೊಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಇಂಥ ಚಿಕಿತ್ಸೆ ನಡೆಯುವಾಗ ಕಿವಿ ಗುಂಯ್ ಅಂದರೆ ಔಷಧಿ ನೀವೇ ನಿಲ್ಲಿಸಬೇಡಿ, ಅದೇ ದಿನ ಡಾಕ್ಟರಿಗೆ ಹೇಳಿ.

ಒಂದು ತಮಾಷೆಯ ಪರೀಕ್ಷೆ. ಗುಂಯ್ ಇರುವವರು ಹಲ್ಲು ಕಚ್ಚಿ ಹಿಡಿಯಿರಿ, ಇಲ್ಲ ಕತ್ತು ಒಂದು ಕಡೆ ತಿರುಗಿಸಿ. ಸದ್ದು ಬದಲಾಯಿತಾ? ದವಡೆ, ಕತ್ತಿನ ನರಗಳ ತಂತಿಗಳು ಮಿದುಳಿನಲ್ಲಿ ಕೇಳುವ ಸರ್ಕ್ಯೂಟಿನ ಪಕ್ಕದಲ್ಲೇ ಸೇರುತ್ತವೆ, ಕ್ರಾಸ್‌ಟಾಕ್ ಆಗುತ್ತೆ. ರಾತ್ರಿಯಿಡೀ ಲ್ಯಾಪ್‌ಟಾಪ್ ಮುಂದೆ ಕತ್ತು ಬಗ್ಗಿಸಿ ಕೂರುವವರು, ನಿದ್ದೆಯಲ್ಲಿ ಹಲ್ಲು ಕಡಿಯುವವರು ಇದನ್ನು ಡಾಕ್ಟರಿಗೆ ಹೇಳಿದರೆ ಅವರಿಗೆ ದಾರಿ ಸುಲಭ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇವೆ. ವಯಸ್ಸಾಗುವುದು. ರಕ್ತ ಕಡಿಮೆ ಇರುವುದು, ಥೈರಾಯ್ಡ್, ಬಿ.ಪಿ. ರಿಕಾಪು ಮೂಳೆ ಜಾಮ್ ಆಗುವ ಒಟೊಸ್ಕ್ಲೆರೋಸಿಸ್. ತಲೆ ಗಿರ್ರಂತ ತಿರುಗಿ, ಕಿವಿ ತುಂಬಿದ ಹಾಗಾಗಿ, ಅಲೆ ಮೊರೆದ ಹಾಗೆ ಕೇಳಿಸುವ ಮೆನಿಯೇರ್ ಕಾಯಿಲೆ, ಇದನ್ನು 1861ರಲ್ಲಿ ಗುರುತಿಸಿದ ಫ್ರೆಂಚ್ ಡಾಕ್ಟರ ಹೆಸರೇ ಕಾಯಿಲೆಗೂ ಬಂತು.

ಕಾಯಬಾರದ ಗುಂಯ್

ನಮ್ಮ ಹಾಸ್ಟೆಲಿನ ಒಬ್ಬ ಸೀನಿಯರ್ ಒಂದು ದಿನ ಬೆಳಿಗ್ಗೆ ಎದ್ದಾಗ ಎಡಗಿವಿಗೆ ನೀರು ಹೋದ ಹಾಗಿತ್ತು, ಜೊತೆಗೆ ಜೋರು ಗುಂಯ್. ಮಾರನೇ ದಿನದಿಂದ ಇಂಟರ್ನಲ್ಸ್. 'ಗುಗ್ಗೆ ಇರ್ಬೇಕು, ಮುಗಿದ್ಮೇಲೆ ನೋಡೋಣ' ಅಂದ. ಎರಡನೇ ದಿನ ಆ ಕಿವಿಗೆ ಫೋನ್ ಇಟ್ಟರೆ ಅಮ್ಮನ ಮಾತೇ ಕೇಳಿಸಲಿಲ್ಲ. ಅವನ ರೂಮ್‌ಮೇಟ್, "ಲೋ, ಇಂಟರ್ನಲ್ಸ್ ಮುಂದಿನ ಸೆಮ್‌ಗೂ ಬರುತ್ತೆ, ನಡಿ" ಅಂತ ಮೂರನೇ ದಿನ ಪೇಪರ್ ಮುಗಿದ ತಕ್ಷಣ ಗಾಡಿಯಲ್ಲಿ ಕೂರಿಸಿಕೊಂಡು ಹೋದ. ಅದು ಗುಗ್ಗೆ ಆಗಿರಲಿಲ್ಲ. ಮೂರು ದಿನದೊಳಗೆ ಇದ್ದಕ್ಕಿದ್ದ ಹಾಗೆ ಒಳಕಿವಿ ಕೈಕೊಡುವ ಒಂದು ಸ್ಥಿತಿ ಇದೆ, ಹೆಚ್ಚಿನ ಸಲ ಕಾರಣವೇ ಗೊತ್ತಾಗುವುದಿಲ್ಲ. ಸ್ಟೆರಾಯ್ಡ್ ಕೊಡುತ್ತಾರೆ, ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಎರಡು ವಾರ ದಾಟಿದರೆ ಪ್ರಯೋಜನ ಕಡಿಮೆ. ಅವನಿಗೆ ಕೇಳುವುದು ಬಹುಪಾಲು ವಾಪಸ್ ಬಂದಿದೆ, ಮೇಲಿನ ಫ್ರೀಕ್ವೆನ್ಸಿ ಪೂರ್ತಿ ಬಂದಿಲ್ಲ, ಸಣ್ಣ ಗುಂಯ್ ಉಳಿದಿದೆ. 'ಇಂಟರ್ನಲ್ಸ್ ಮುಗಿಸ್ಕೊಂಡು ಊರಿಗೆ ಹೋಗಿ ತೋರಿಸ್ತಿದ್ದೆ, ಅಂದ್ರೆ ಹತ್ತು ದಿನ' ಅಂತ ಅವನೇ ಹೇಳಿದ.

ಅವನನ್ನು ನೋಡಿದ ಡಾಕ್ಟರು ಮೊದಲು ಒಂದು ಟ್ಯೂನಿಂಗ್ ಫೋರ್ಕ್ ಬಡಿದು ಹಣೆ ಮೇಲೆ ಇಟ್ಟರಂತೆ. ಇದರ ಹಿಂದಿನ ಭೌತಶಾಸ್ತ್ರ ನಿಮಗೂ ಇಷ್ಟವಾಗಬಹುದು. ಒಂದು ಕಿವಿಗೆ ಬೆರಳು ಇಟ್ಟು 'ಮ್‌ಮ್' ಅಂತ ಗುನುಗಿ, ಸದ್ದು ಮುಚ್ಚಿದ ಕಿವಿಯಲ್ಲೇ ಜೋರು. ಗುಗ್ಗೆಯೂ ಬೆರಳಿದ್ದ ಹಾಗೆ, ಫೋರ್ಕಿನ ಸದ್ದು ಕಟ್ಟಿದ ಕಿವಿಗೆ ಜೋರಾಗಿ ಕೇಳಿಸುತ್ತೆ. ಒಳಕಿವಿಯೇ ಹಾಳಾಗಿದ್ದರೆ ಚೆನ್ನಾಗಿರುವ ಕಿವಿಗೆ ಜೋರು. ಇದನ್ನು ಓದಿ ನೀವೇ ಡಾಕ್ಟರಾಗಬೇಡಿ, ಒಂದು ಕಿವಿ ಇದ್ದಕ್ಕಿದ್ದ ಹಾಗೆ ಮಂದ ಆದರೆ ಅದೇ ದಿನ ಹೋಗಿ.

ಇನ್ನೆರಡು ಸಂದರ್ಭಗಳಲ್ಲೂ ತಡ ಮಾಡಬಾರದು. ಗುಂಯ್ ಬದಲು 'ವುಶ್ ವುಶ್' ಅಂತ ನಾಡಿಯ ಲಯಕ್ಕೆ ಸರಿಯಾಗಿ ಕೇಳಿಸಿದರೆ ಅದು ಹತ್ತಿರದ ರಕ್ತನಾಳದ ಸದ್ದಿರಬಹುದು. ಮಣಿಕಟ್ಟು ಹಿಡಿದು ತಾಳ ನೋಡಿ, ಹೊಂದಿದರೆ ತೋರಿಸಲೇಬೇಕು. ಒಂದೇ ಕಿವಿಯಲ್ಲಿ ಬಿಡದೆ ಗುಂಯ್ ಇದ್ದರೂ ಹಾಗೇ. ಅಪರೂಪಕ್ಕೆ ಕಿವಿಯ ನರದ ಮೇಲೆ ಬೆಳೆಯುವ ಗಡ್ಡೆ ಹೀಗೆ ಶುರುವಾಗುತ್ತೆ, ಅದು ಕ್ಯಾನ್ಸರ್ ಅಲ್ಲ, ಆದರೂ ಎಂಆರ್‌ಐ ಮಾಡಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ.

ಹೋಗದೆ ಉಳಿದುಬಿಟ್ಟರೆ?

ಬೀಥೋವನ್ 1801ರಲ್ಲೇ ಗೆಳೆಯನಾದ ಡಾಕ್ಟರನಿಗೆ ತನ್ನ ಕಿವಿಗಳ ಸದ್ದಿನ ಬಗ್ಗೆ ಕಾಗದ ಬರೆದಿದ್ದ. ಬೊಹೀಮಿಯಾದ ಸ್ಮೆತನಾ 1876ರ ತನ್ನ ಸ್ಟ್ರಿಂಗ್ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ಪಿಟೀಲಿನಿಂದ ಒಂದು ಉದ್ದನೆಯ ಕೀಚಲು ಸ್ವರ ನುಡಿಸಿದ್ದಾನೆ, ಅದು ಅವನ ಕಿವಿಯೊಳಗಿನ ಸದ್ದು. ನಾವು ಹಾಕಿ ಕೇಳಿದೆವು. ಕುಣಿಯುವ ಸಂಗೀತ ತಟ್ಟನೆ ನಿಂತು ಆ ಸ್ವರ ಬಂದಾಗ ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಗುಂಯ್ ಹೋಗಿಸುವ ಗುಳಿಗೆ ಇಲ್ಲ. ಯಾವುದಾದರೂ ಎಣ್ಣೆ, ಪುಡಿ, ಡ್ರಾಪ್ಸ್ ಏಳು ದಿನದಲ್ಲಿ ಗ್ಯಾರಂಟಿ ಅಂದರೆ ಅವರು ಕಿವಿಗೆ ಹೂವು ಇಡುತ್ತಿದ್ದಾರೆ. ಆದರೆ ದಾರಿಗಳಿವೆ. ಕೇಳುವುದು ಕಡಿಮೆ ಆಗಿರುವವರಿಗೆ ಹಿಯರಿಂಗ್ ಏಡ್ ಹಾಕಿದರೆ ನಿಜವಾದ ಸಿಗ್ನಲ್ ಬರುತ್ತೆ, ಮಿದುಳು ಗೇನ್ ಇಳಿಸಲು ಕಾರಣ ಸಿಗುತ್ತೆ. ಗುಂಯ್ ಕೇಳಿಸಿತು, ಭಯ ಆಯಿತು, ಭಯಕ್ಕೆ ಗಮನ ಅಲ್ಲೇ ಹೋಯಿತು, ಇನ್ನೂ ಜೋರಾಗಿ ಕೇಳಿಸಿತು, ಇದು ಪಾಸಿಟಿವ್ ಫೀಡ್‌ಬ್ಯಾಕ್. ಈ ಲೂಪ್ ಮುರಿಯಲು ಮನಃಶಾಸ್ತ್ರದವರ ಸಿಬಿಟಿ ಅನ್ನುವ ಚಿಕಿತ್ಸೆ ಕೆಲಸ ಮಾಡುತ್ತೆ. ಸದ್ದು ಅಲ್ಲೇ ಇರುತ್ತೆ, ಕಾಟ ಕಡಿಮೆ ಆಗುತ್ತೆ. ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮಲಗುವ ಬದಲು ಫ್ಯಾನ್ ಓಡಲಿ, ಮಳೆ ಸದ್ದು ಸಣ್ಣಗೆ ಹಾಕಿಕೊಳ್ಳಿ. ಪರೀಕ್ಷೆ ಸಮಯದಲ್ಲಿ ಗುಂಯ್ ಜಾಸ್ತಿ ಅನ್ನಿಸಿದರೆ ಅದು ನಿದ್ದೆ ಕೆಟ್ಟಿದ್ದಕ್ಕೂ ಇರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಬೇರೆ ಕಡೆಯಿಂದ ಜನ ಅಲ್ಲಿಗೆ ಕಿವಿ ತೋರಿಸಲು ಬರುತ್ತಾರೆ. ನಮ್ಮಲ್ಲಿ ಮೈಸೂರಿನವರೇ ಇಬ್ಬರು, ಅದರ ಮುಂದೆ ದಿನಾ ಓಡಾಡಿದ್ದರೂ ಒಳಗೆ ಏನು ನಡೆಯುತ್ತೆ ಅಂತ ಗೊತ್ತಿರಲಿಲ್ಲ ಅಂದರು. ಮಗ್ಗದ ಮನೆಯವಳು ಈ ರಜೆಯಲ್ಲಿ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾಳೆ, ಅವರು ಒಪ್ಪಿದರೆ.

ನವೆಂಬರಿನ ರಾಜ್ಯೋತ್ಸವ ನಮ್ಮ ಸಂಘದ್ದೇ ಕಾರ್ಯಕ್ರಮ, ಹಾಗಾಗಿ ಕೆಲವು ವಿಷಯ ಈಗಲೇ ತೀರ್ಮಾನ ಮಾಡಿದ್ದೇವೆ. ಸ್ಪೀಕರುಗಳು ಕಿವಿಯ ಎತ್ತರದಲ್ಲಿರದೆ ಮೇಲೆ ಇರುತ್ತವೆ. ಅವುಗಳ ಮುಂದೆ 8 ಮೀಟರ್ ಹಗ್ಗ ಕಟ್ಟುತ್ತೇವೆ, ಅದರೊಳಗೆ ಯಾರೂ ಇಲ್ಲ, ವಿಡಿಯೋ ಮಾಡುವವರೂ ಇಲ್ಲ. ಡೊಳ್ಳು, ತಮಟೆ ಬಾರಿಸುವವರಿಗೆ ಮೊದಲು ಇಯರ್‌ಪ್ಲಗ್, ಆಮೇಲೆ ಉಳಿದವರಿಗೆ ರಿಜಿಸ್ಟ್ರೇಷನ್ ಟೇಬಲ್ ಮೇಲೆ ಡಬ್ಬ ಇಟ್ಟಿರುತ್ತೇವೆ. ಹತ್ತಿ ಇಟ್ಟುಕೊಂಡರೆ ಸಾಲದು. ಫೋಮ್ ಪ್ಲಗ್ ಹಾಕುವ ಕ್ರಮ ಹೀಗೆ: ಬೆರಳುಗಳ ನಡುವೆ ಸಣ್ಣ ಬತ್ತಿಯ ಹಾಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ತೂತು ನೆಟ್ಟಗಾಗುತ್ತೆ. ಪ್ಲಗ್ ಒಳಗಿಟ್ಟು ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ, ಅದು ಉಬ್ಬಿ ಕೂರುತ್ತೆ. ಕೂತಿದೆಯಾ ನೋಡಲು ಎರಡು ಮಾತು ಆಡಿ, ದನಿ ಕೊಡದ ಒಳಗಿಂದ ಬಂದ ಹಾಗೆ ಕೇಳಿಸಿದರೆ ಸರಿಯಾಗಿ ಕೂತಿದೆ, ಕುಣಿಯಲು ಬನ್ನಿ.